ಹರಾಜಲ್ಲಿ ಕಾರ್ ತಗೊಳ್ಳೋರು ಮೊದ್ಲು ಕೇಳ್ಬೇಕಾದ ಪ್ರಶ್ನೆ: ಈ ಗಾಡಿ ಇಲ್ಲಿಗೆ ಯಾಕೆ ಬಂತು?

ಹರಾಜಲ್ಲಿ ಕಾರ್ ತಗೊಂಡ್ರೆ ಡೀಲರ್ ಹತ್ರ ತಗೊಳ್ಳೋದಕ್ಕಿಂತ ಎಷ್ಟೋ ಕಮ್ಮಿಗೆ ಬೀಳುತ್ತೆ ಅಂತ ಎಲ್ಲರೂ ಹೇಳ್ತಾರೆ, ಆ ಮಾತು ಸುಳ್ಳಲ್ಲ. ಆದ್ರೆ ಆ ಉಳಿತಾಯ ಎಲ್ಲಿಂದ ಬರುತ್ತೆ ಅಂತ ಕೇಳೋರು ಕಮ್ಮಿ. ಡೀಲರ್ ಆದೋನು ಗಾಡಿನ ಒಂದ್ಸಲ ಮೆಕ್ಯಾನಿಕ್ ಕೈಲಿ ನೋಡಿಸಿರ್ತಾನೆ, ಸಣ್ಣಪುಟ್ಟ ಕೆಲಸ ಮಾಡಿಸಿರ್ತಾನೆ, ನಾಳೆ ಗಾಡಿ ಕೈ ಕೊಟ್ರೆ ಹೋಗಿ ಜಗಳ ಆಡೋಕಾದ್ರೂ ಒಂದು ವಿಳಾಸ ಇರುತ್ತೆ, ಎಷ್ಟೋ ದೇಶಗಳಲ್ಲಿ ಕಾನೂನೂ ಗ್ರಾಹಕನ ಬೆನ್ನಿಗೆ ಇರುತ್ತೆ. ಪಬ್ಲಿಕ್ ಹರಾಜಲ್ಲಿ ಇದೆಲ್ಲಾ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಗಾಡಿ ಇದ್ದಲ್ಲಿ, ಇದ್ದ ಹಾಗೆ ಮಾರಾಟ. ಸುತ್ತಿಗೆ ಬಿದ್ಮೇಲೆ ಇಂಜಿನ್ ಸೀಜ್ ಆಗಿದ್ರೂ ಅದು ನಿಮ್ದೇ. ಹಾಗಾಗಿ ಆ ಕಮ್ಮಿ ರೇಟನ್ನ ಡಿಸ್ಕೌಂಟ್ ಅಂದ್ಕೊಳ್ಳೋಕೆ ಹೋಗ್ಬೇಡಿ, ಬೇರೆಯವರ ರಿಸ್ಕನ್ನ ನೀವು ಹೊತ್ಕೊಂಡಿದ್ದಕ್ಕೆ ಸಿಗೋ ಕೂಲಿ ಅದು.

ಈಗ ಇದನ್ನ ಮಾತಾಡ್ಬೇಕಾಗಿರೋದಕ್ಕೆ ಕಾರಣ ಇದೆ. ಮೊದಲೆಲ್ಲಾ ಕಾರ್ ಹರಾಜಿನ ಯಾರ್ಡಿಗೆ ಹೋಗ್ತಿದ್ದೋರು ಬಹುಪಾಲು ವ್ಯಾಪಾರಿಗಳೇ. 1945ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶುರುವಾದ ಮ್ಯಾನ್‌ಹೈಮ್ ಅನ್ನೋ ದೊಡ್ಡ ಹರಾಜು ಕಂಪ್ನಿಲಿ ಇವತ್ತಿಗೂ ಮುಖ್ಯವಾಗಿ ಡೀಲರ್‌ಗಳಷ್ಟೇ ಕೊಳ್ಳೋದು. 2021ರಲ್ಲಿ ಚಿಪ್ ಸಿಗದೆ ಹೊಸ ಕಾರುಗಳ ತಯಾರಿಕೆ ನಿಂತು ನಿಂತು ಸಾಗ್ತು, ಹೊಸದು ಸಿಗದೋರೆಲ್ಲಾ ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದ್ರು, ಅಮೆರಿಕದಲ್ಲಿ ಹಳೇ ಕಾರುಗಳ ಹೋಲ್‌ಸೇಲ್ ರೇಟು 2022ರ ಆರಂಭದಲ್ಲಿ ದಾಖಲೆ ಮಟ್ಟ ಮುಟ್ತು. ಅದೇ ಹೊತ್ತಲ್ಲಿ ಕೊರೊನಾ ಕಾರಣಕ್ಕೆ ಹರಾಜುಗಳು ಯಾರ್ಡ್ ಬಿಟ್ಟು ಮೊಬೈಲ್ ಸ್ಕ್ರೀನಿಗೆ ಬಂದ್ವು. ರೇಟ್ ಜಾಸ್ತಿ ಆಗಿ ಕಂಗಾಲಾಗಿರೋ ಸಾಮಾನ್ಯ ಜನ, ಮನೇಲೇ ಕೂತು ಬಿಡ್ ಮಾಡೋ ಅವಕಾಶ, ಇವೆರಡೂ ಒಟ್ಟಿಗೆ ಸೇರಿದ್ದೇ ತಡ, ವ್ಯಾಪಾರಿಗಳ ಆಟದೊಳಗೆ ಆಟ ಗೊತ್ತಿಲ್ದೋರು ಬಂದು ನಿಂತ್ರು. ನನಗೆ ಚಿಂತೆ ಇರೋದು ಇವರ ಬಗ್ಗೆನೇ.

ಈಗ ಮೂಲ ಪ್ರಶ್ನೆಗೆ ಬರೋಣ. ಗಾಡಿ ಹೆಂಗಿದೆ ಅಂತ ನೋಡೋಕ್ಕಿಂತ ಮುಂಚೆ ಗಾಡಿನ ಇಲ್ಲಿಗೆ ತಂದೋರು ಯಾರು, ಅವರಿಗೆ ಮಾರೋ ಅವಸರ ಏನು ಅಂತ ನೋಡ್ಬೇಕು, ಯಾಕಂದ್ರೆ ಯಾರ್ಡಲ್ಲಿ ಸಾಲಾಗಿ ನಿಂತಿರೋ ಕಾರುಗಳು ನೋಡೋಕೆ ಒಂದೇ ಥರ ಇದ್ರೂ ಅವುಗಳ ಹಿಂದಿನ ಕಥೆ ಬೇರೆ ಬೇರೆ. ಕಂಪ್ನಿಗಳ ಫ್ಲೀಟ್ ಗಾಡಿ, ಲೀಸ್ ಅವಧಿ ಮುಗಿಸಿ ಬಂದ ಗಾಡಿ ಇರುತ್ವೆ, ಇವು ಹರಾಜಿಗೆ ಬರೋದು ಕ್ಯಾಲೆಂಡರ್ ಪ್ರಕಾರ, ಅಂದ್ರೆ ಮೂರು ವರ್ಷ ಆಯ್ತು ಅಥ್ವಾ ಇಷ್ಟು ಕಿಲೋಮೀಟರ್ ಆಯ್ತು ಅಂತ ಮಾರ್ತಾರೆ, ಗಾಡಿ ಕೆಟ್ಟಿದೆ ಅಂತಲೇ ಮಾರ್ಬೇಕಾಗಿಲ್ಲ. ಓಡಿರೋದು ಜಾಸ್ತಿ ಇರ್ಬಹುದು, ಆದ್ರೆ ಸರ್ವಿಸ್ ರೆಕಾರ್ಡ್ ಸಾಮಾನ್ಯವಾಗಿ ಇರುತ್ತೆ. ಸರ್ಕಾರಿ ಇಲಾಖೆಗಳು ಬಳಸಿ ಮಾರೋ ಗಾಡಿಗಳೂ ಹೆಚ್ಚುಕಮ್ಮಿ ಇದೇ ಲೆಕ್ಕ, ಮಾರೋರಿಗೆ ಮುಚ್ಚಿಡೋಕೆ ಅಂಥಾ ಕಾರಣ ಇರಲ್ಲ. ಪೊಲೀಸ್ ಗಾಡಿ ಮಾತ್ರ ಸ್ವಲ್ಪ ನೋಡ್ಕೊಂಡು, ಗಂಟೆಗಟ್ಟಲೆ ಇಂಜಿನ್ ಆನ್ ಇಟ್ಕೊಂಡು ನಿಂತಿರ್ತಾವೆ, ಆ ಸವೆತ ಕಿಲೋಮೀಟರ್ ಮೀಟರಲ್ಲಿ ಕಾಣಲ್ಲ.

ಸಾಲ ಕಟ್ಟದೆ ಬ್ಯಾಂಕು, ಫೈನಾನ್ಸ್‌ನೋರು ಎಳ್ಕೊಂಡು ಬಂದ ಗಾಡಿ ಇನ್ನೊಂದು ಥರ. ಇಲ್ಲಿ ಗಾಡಿ ಚೆನ್ನಾಗೂ ಇರ್ಬಹುದು, ಆದ್ರೆ ಕಂತು ಕಟ್ಟೋಕೇ ದುಡ್ಡಿಲ್ದೋನು ಆಯಿಲ್ ಚೇಂಜ್ ಮಾಡಿಸಿರ್ತಾನಾ ಅಂತ ಯೋಚನೆ ಮಾಡಿ. ಸರ್ವಿಸ್ ನಿಂತಿರುತ್ತೆ, ಒಂದೇ ಕೀ ಇರುತ್ತೆ, ಎಷ್ಟೋ ಸಲ ತಿಂಗಳುಗಟ್ಟಲೆ ನಿಂತಲ್ಲೇ ನಿಂತು ಬ್ಯಾಟರಿ, ಬ್ರೇಕು, ಟೈರು ಎಲ್ಲಾ ಕೆಟ್ಟಿರುತ್ತೆ. ಇವೆಲ್ಲಾ ಲೆಕ್ಕಕ್ಕೆ ಸಿಗೋ ಖರ್ಚು, ಹಂಗಾಗಿ ನನ್ನ ಪ್ರಕಾರ ಇದು ಭಯಪಡೋ ವರ್ಗ ಅಲ್ಲ.

ಭಯಪಡ್ಬೇಕಾಗಿರೋದು ಡೀಲರ್‌ಗಳು ತಂದು ನಿಲ್ಸಿರೋ ಗಾಡಿಗೆ. ಎಕ್ಸ್‌ಚೇಂಜಲ್ಲಿ ಬಂದ ಒಳ್ಳೇ ಕಾರನ್ನ ಡೀಲರ್ ತನ್ನ ಅಂಗಡಿಲೇ ಲಾಭಕ್ಕೆ ಮಾರ್ಕೋತಾನೆ, ಅವನು ಬೇಡ ಅಂದಿದ್ದು ಹೋಲ್‌ಸೇಲ್ ಹರಾಜಿಗೆ ಹೋಗುತ್ತೆ, ಅಲ್ಲೂ ಬೇರೆ ಡೀಲರ್‌ಗಳು ಬೇಡ ಅಂದಿದ್ದು ಪಬ್ಲಿಕ್ ಹರಾಜಿಗೆ ಬರುತ್ತೆ. ಹೀಗೆ ಬಂದ ಗಾಡಿನ, ವೃತ್ತಿಲಿ ಪಳಗಿರೋ ಎಷ್ಟೋ ಜನ ನೋಡಿ ಕೈ ಬಿಟ್ಟಿದ್ದಾರೆ ಅಂತ ಅರ್ಥ. ಎಲ್ಲಾ ಹೀಗೇ ಅಂತ ಅಲ್ಲ, ಕೆಲವು ಅವರ ಅಂಗಡಿಗೆ ಒಗ್ಗದ ಮಾಡೆಲ್ ಅನ್ನೋ ಕಾರಣಕ್ಕೂ ಬಂದಿರುತ್ವೆ. ಆದ್ರೆ ಯಾವುದು ಯಾವ ಕಾರಣಕ್ಕೆ ಅಂತ ನಿಮಗೆ ಹೇಳೋರು ಯಾರೂ ಇಲ್ಲ.

ಇದನ್ನ ಜಾರ್ಜ್ ಅಕರ್ಲಾಫ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲೇ ಹಳೇ ಕಾರುಗಳ ಉದಾಹರಣೆ ಇಟ್ಕೊಂಡೇ ವಿವರಿಸಿದ್ರು. ಮಾರೋನಿಗೆ ಗಾಡಿ ಬಗ್ಗೆ ಎಲ್ಲಾ ಗೊತ್ತು, ಕೊಳ್ಳೋನಿಗೆ ಏನೂ ಗೊತ್ತಿಲ್ಲ, ಹಾಗಾಗಿ ಕೊಳ್ಳೋನು ಯಾವುದಕ್ಕೂ ಸರಾಸರಿ ರೇಟಿಗಿಂತ ಜಾಸ್ತಿ ಕೊಡಲ್ಲ, ಸರಾಸರಿ ರೇಟಿಗೆ ಒಳ್ಳೇ ಗಾಡಿ ಇರೋನು ಮಾರೋಕೆ ಒಪ್ಪಲ್ಲ, ಅವನು ಮಾರ್ಕೆಟ್ ಬಿಟ್ಟು ಹೋಗ್ತಾನೆ, ಉಳಿಯೋದು ಕೆಟ್ಟ ಗಾಡಿಗಳು, ಆಗ ಸರಾಸರಿ ಇನ್ನೂ ಕೆಳಗಿಳಿಯುತ್ತೆ. ಈ ಥರದ ಕೆಲಸಕ್ಕೆ ಅವರಿಗೆ 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಸಿಕ್ತು. ಡೀಲರ್ ಕೊಡೋ ವಾರಂಟಿ, ರಿಟರ್ನ್ ಪಾಲಿಸಿ ಎಲ್ಲಾ ಈ ರೋಗಕ್ಕೆ ಮದ್ದು. ಪಬ್ಲಿಕ್ ಹರಾಜಲ್ಲಿ ಆ ಮದ್ದನ್ನೇ ತೆಗ್ದು ಹಾಕಿರ್ತಾರೆ, ಅದಕ್ಕೇ ಅಲ್ಲಿ ಗಾಡಿಗಿಂತ ಮಾಹಿತಿ ದುಬಾರಿ.

ಇನ್ಶೂರೆನ್ಸ್ ಕಂಪ್ನಿಗಳು ಟೋಟಲ್ ಲಾಸ್ ಅಂತ ಬರೆದು ಮಾರೋ ಗಾಡಿಗಳದ್ದು ಬೇರೆಯದೇ ಲೋಕ. 1982ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಯಾರ್ಡಲ್ಲಿ ಶುರುವಾದ ಕೋಪಾರ್ಟ್ ಇವತ್ತು ಹಲವು ದೇಶಗಳಲ್ಲಿ ಇಂಥಾ ಗಾಡಿಗಳನ್ನ ಆನ್‌ಲೈನ್ ಹರಾಜಲ್ಲಿ ಮಾರುತ್ತೆ. ಟೋಟಲ್ ಲಾಸ್ ಅಂದ ತಕ್ಷಣ ಗಾಡಿ ಪುಡಿಪುಡಿ ಆಗಿರುತ್ತೆ ಅಂತೇನಿಲ್ಲ, ರಿಪೇರಿ ಖರ್ಚು ಗಾಡಿ ಬೆಲೆಗೆ ಹೋಲಿಸಿದ್ರೆ ಜಾಸ್ತಿ ಆಗುತ್ತೆ ಅಂತ ಇನ್ಶೂರೆನ್ಸ್‌ನೋರು ಕೈ ತೊಳ್ಕೊಂಡಿರ್ತಾರೆ ಅಷ್ಟೇ. ಬ್ರಿಟನ್ನಲ್ಲಿ 2017ರ ಅಕ್ಟೋಬರಿಂದ ಇಂಥಾ ಗಾಡಿಗಳಿಗೆ ಎ, ಬಿ, ಎಸ್, ಎನ್ ಅಂತ ನಾಲ್ಕು ಗುರುತು ಇದೆ. ಎ ಅಂದ್ರೆ ಪೂರ್ತಿ ಗುಜರಿಗೆ, ಬಿ ಅಂದ್ರೆ ಪಾರ್ಟ್ಸ್ ಬಿಚ್ಕೋಬಹುದು ಆದ್ರೆ ಬಾಡಿ ಪುಡಿ ಮಾಡ್ಬೇಕು, ಎಸ್ ಅಂದ್ರೆ ಚಾಸಿಗೆ ಪೆಟ್ಟಾಗಿದೆ, ಎನ್ ಅಂದ್ರೆ ಚಾಸಿ ಸರಿ ಇದೆ ಬೇರೆ ಕಡೆ ಪೆಟ್ಟಾಗಿದೆ. ಎನ್ ಅಂತ ಇದ್ದ ಮಾತ್ರಕ್ಕೆ ಸಣ್ಣ ಕೆಲಸ ಅಂದ್ಕೋಬೇಡಿ, ಬ್ರೇಕು ಸ್ಟೀರಿಂಗ್ ಎಲೆಕ್ಟ್ರಿಕಲ್ ಎಲ್ಲಾ ಅದ್ರೊಳಗೇ ಬರುತ್ತೆ. ಗುರುತು ಇರೋ ಕಡೆ ಕನಿಷ್ಠ ನೋಡಿಯಾದ್ರೂ ತಗೋಬಹುದು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ ಇರೋದ್ರಿಂದ ಪೇಪರಲ್ಲಿ ಸಾಲ್ವೇಜ್, ಅಂದ್ರೆ ಟೋಟಲ್ ಲಾಸ್ ಆದದ್ದು ಅಂತ ಮುದ್ರೆ ಬಿದ್ದ ಗಾಡಿನ ಇನ್ನೊಂದು ರಾಜ್ಯದಲ್ಲಿ ರಿಜಿಸ್ಟರ್ ಮಾಡ್ಸಿ ಆ ಮುದ್ರೆನೇ ಮಾಯ ಮಾಡೋ ದಂಧೆ ವರ್ಷಗಳಿಂದ ಇದೆ. ಇದನ್ನ ತಡೆಯೋಕೆ ಅಂತಲೇ ಅಲ್ಲಿ 1992ರ ಕಾನೂನಿನಡಿ ಇಡೀ ದೇಶಕ್ಕೆ ಒಂದು ಟೈಟಲ್ (ಗಾಡಿ ಮಾಲೀಕತ್ವದ ಪತ್ರ) ಡೇಟಾಬೇಸ್ ಮಾಡಿದ್ರು, ಚಾಸಿ ನಂಬರ್ ಹಾಕಿ ಸ್ವಲ್ಪ ಫೀ ಕಟ್ಟಿದ್ರೆ ರಿಪೋರ್ಟ್ ಸಿಗುತ್ತೆ. ಅಷ್ಟು ಖರ್ಚು ಮಾಡೋಕೆ ಹಿಂದೆಮುಂದೆ ನೋಡಿ ಕಾರಿಗೆ ಬಿಡ್ ಹಾಕೋರನ್ನ ಕಂಡ್ರೆ ನಿಜಕ್ಕೂ ಸಂಕಟ ಆಗುತ್ತೆ.

ಇದ್ರಲ್ಲೆಲ್ಲಾ ಅತಿ ಕೆಟ್ಟದ್ದು ನೀರಲ್ಲಿ ಮುಳುಗಿದ ಗಾಡಿ. ಅಮೆರಿಕದಲ್ಲಿ 2005ರ ಕತ್ರೀನಾ, 2012ರ ಸ್ಯಾಂಡಿ, 2017ರ ಹಾರ್ವೆ ಚಂಡಮಾರುತಗಳು ಆದ್ಮೇಲೆ ಲಕ್ಷಗಟ್ಟಲೆ ಮುಳುಗಡೆ ಕಾರುಗಳು ಇನ್ಶೂರೆನ್ಸ್ ಯಾರ್ಡುಗಳಿಗೆ ಬಂದ್ವು, ಅದ್ರಲ್ಲಿ ಒಂದಷ್ಟು ತೊಳೆದು ಒಣಗಿಸಿ ದೂರದ ಊರುಗಳಲ್ಲಿ ಮಾರಾಟಕ್ಕೆ ಬಂದ್ವು, ಬೇರೆ ದೇಶಗಳಿಗೂ ಹೋದ್ವು. ಆಕ್ಸಿಡೆಂಟ್ ಆದ ಗಾಡಿಲಿ ಪೆಟ್ಟು ಕಣ್ಣಿಗೆ ಕಾಣುತ್ತೆ, ಮುಳುಗಿದ ಗಾಡಿಲಿ ಕಾಣಲ್ಲ, ಮೇಲ್ನೋಟಕ್ಕೆ ಥಳಥಳ ಅಂತಿರುತ್ತೆ, ಒಳಗೆ ವೈರಿಂಗ್ ಕನೆಕ್ಟರುಗಳು ತಿಂಗಳುಗಟ್ಟಲೆ ಹಸಿರು ಹಿಡೀತಾ ಹೋಗ್ತಾವೆ. ಹೆಂಗೆ ನೋಡ್ಬೇಕು ಅಂದ್ರೆ, ಮೊದ್ಲು ಬಾಗಿಲು ತೆಗ್ದು ಮೂಸಿ ನೋಡಿ. ಮುಗ್ಗಲು ವಾಸನೆ ಇದ್ರೆ ಅನುಮಾನ, ಜೋರಾಗಿ ಸೆಂಟ್ ಹೊಡ್ದಿದ್ರೆ ಇನ್ನೂ ಅನುಮಾನ. ಡ್ರೈವರ್ ಸೀಟಿನ ಬೆಲ್ಟನ್ನ ಕೊನೆ ತನಕ ಎಳೀರಿ, ಮೇಲಿನ ಭಾಗ ಎಲ್ಲರೂ ತೊಳೀತಾರೆ, ಒಳಗೆ ಸುತ್ಕೊಂಡಿರೋ ಭಾಗ ತೊಳೆಯೋಕೆ ಆಗಲ್ಲ, ಅಲ್ಲಿ ಕೆಸರಿನ ಗೆರೆ ಉಳ್ದಿರುತ್ತೆ. ಆಮೇಲೆ ಮೊಣಕಾಲೂರಿ ಕೂತು ಟಾರ್ಚ್ ಹಾಕಿ ಸೀಟಿನ ಕೆಳಗೆ ನೋಡಿ, ಸೀಟ್ ಹಳಿಗಳು, ಬೋಲ್ಟುಗಳು ತುಕ್ಕು ಹಿಡ್ದಿದ್ರೆ ಗಾಡಿ ಒಳಗೆ ನೀರು ನಿಂತಿತ್ತು ಅಂತಲೇ. ಡಿಕ್ಕಿ ತೆಗ್ದು ಸ್ಟೆಪ್ನಿ ಎತ್ತಿ ಅದ್ರ ಗುಂಡಿ ನೋಡಿ, ಅಲ್ಲಿ ಸಣ್ಣ ಮರಳು, ಒಣಗಿದ ಕೆಸರು ಸಿಗುತ್ತೆ. ಹೆಡ್‌ಲೈಟ್ ಒಳಗಡೆ ನೀರಿನ ಮಟ್ಟದ ಗೆರೆ ಇದ್ಯಾ ನೋಡಿ. ಹಳೇ ಗಾಡಿಗೆ ಹೊಚ್ಚ ಹೊಸ ಕಾರ್ಪೆಟ್ ಹಾಕಿದ್ರೆ ಯಾಕೆ ಹಾಕಿದ್ರು ಅಂತ ಕೇಳ್ಕೊಳ್ಳಿ. ಇದಿಷ್ಟಕ್ಕೆ ಮೆಕ್ಯಾನಿಕ್ ಬೇಕಾಗಿಲ್ಲ, ಟಾರ್ಚು, ಸ್ವಲ್ಪ ತಾಳ್ಮೆ ಇದ್ರೆ ಸಾಕು.

ಎಲೆಕ್ಟ್ರಿಕ್ ಅಥ್ವಾ ಹೈಬ್ರಿಡ್ ಗಾಡಿ ಉಪ್ಪುನೀರಲ್ಲಿ ಮುಳುಗಿತ್ತು ಅಂತ ಗೊತ್ತಾದ್ರೆ ಹತ್ರನೂ ಹೋಗ್ಬೇಡಿ. 2022ರ ಇಯಾನ್ ಚಂಡಮಾರುತ ಆದ್ಮೇಲೆ ಫ್ಲೋರಿಡಾದಲ್ಲಿ ಸಮುದ್ರದ ನೀರು ಹೊಕ್ಕಿದ್ದ ಎಲೆಕ್ಟ್ರಿಕ್ ಕಾರುಗಳು ದಿನಗಳು ಕಳೆದ್ಮೇಲೆ ನಿಂತಲ್ಲೇ ಬೆಂಕಿ ಹತ್ಕೊಂಡಿದ್ವು. ಮುಳುಗದೇ ಇರೋ ಎಲೆಕ್ಟ್ರಿಕ್ ಗಾಡಿ ಆದ್ರೂ ಬ್ಯಾಟರಿ ಎಷ್ಟು ಉಳ್ದಿದೆ ಅನ್ನೋ ರಿಪೋರ್ಟ್ ಇಲ್ದೆ ತಗೊಂಡ್ರೆ ಅದು ಬರೀ ಜೂಜು.

ಹರಾಜಿನ ಹಿಂದಿನ ದಿನ ಅಥ್ವಾ ಅವತ್ತೇ ಬೆಳಿಗ್ಗೆ ಗಾಡಿ ನೋಡೋಕೆ ಬಿಡ್ತಾರೆ, ಬಹಳಷ್ಟು ಕಡೆ ಓಡ್ಸೋಕೆ ಬಿಡಲ್ಲ, ಸ್ಟಾರ್ಟ್ ಮಾಡೋಕೆ ಬಿಟ್ರೆ ಅದೇ ದೊಡ್ಡದು. ನೀವು ಹೋಗೋಷ್ಟರಲ್ಲೇ ಬಾನೆಟ್ ಬಿಸಿ ಇದ್ರೆ ಹುಷಾರು, ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆಗೋವಾಗ ಬರೋ ಸದ್ದು, ಹೊಗೆನ ನಿಮಗೆ ತೋರಿಸ್ಬಾರ್ದು ಅಂತ ಮೊದ್ಲೇ ಬಿಸಿ ಮಾಡಿಟ್ಟಿರ್ಬಹುದು. ಒಂದು ಓಬಿಡಿ ಸ್ಕ್ಯಾನರ್, ಅಂದ್ರೆ ಗಾಡಿಯ ಪೋರ್ಟಿಗೆ ಚುಚ್ಚಿ ಅದ್ರ ಕಂಪ್ಯೂಟರ್ ದಾಖಲಿಸಿರೋ ದೋಷದ ಕೋಡ್ ಓದೋ ಸಣ್ಣ ಯಂತ್ರ, ಜೇಬಲ್ಲಿ ಇಟ್ಕೊಂಡು ಹೋಗಿ. ಅಮೆರಿಕದಲ್ಲಿ 1996ರಿಂದ, ಯೂರೋಪಲ್ಲಿ ಪೆಟ್ರೋಲ್ ಗಾಡಿಗಳಿಗೆ 2001ರಿಂದ ಈ ಪೋರ್ಟ್ ಕಡ್ಡಾಯ, ಸ್ಟೀರಿಂಗ್ ಕೆಳಗೆ ಇರುತ್ತೆ. ಜನ ಮಾಡೋ ತಪ್ಪು ಏನಂದ್ರೆ ಎರರ್ ಕೋಡ್ ಏನೂ ಬರ್ಲಿಲ್ಲ ಅಂದ್ರೆ ಗಾಡಿ ಸರಿ ಇದೆ ಅಂದ್ಕೋತಾರೆ. ಕೋಡ್ ಅಳಿಸೋದು ಒಂದು ಬಟನ್ ಕೆಲಸ. ಅದ್ರ ಬದ್ಲು ಗಾಡಿ ತನ್ನನ್ನ ತಾನೇ ಚೆಕ್ ಮಾಡ್ಕೊಂಡಿದ್ಯಾ ಅಂತ ತೋರಿಸೋ ರೆಡಿನೆಸ್ ಮಾನಿಟರ್ ಅನ್ನೋ ಪೇಜ್ ನೋಡಿ, ಅಲ್ಲಿ ಸುಮಾರು ಐಟಂಗಳು ಇನ್ನೂ ರೆಡಿ ಆಗಿಲ್ಲ ಅಂತ ತೋರಿಸ್ತಿದ್ರೆ ಯಾರೋ ಇತ್ತೀಚೆಗೆ ಮೆಮೊರಿ ಅಳಿಸಿದ್ದಾರೆ, ಇಲ್ಲಾ ಬ್ಯಾಟರಿ ಬಿಚ್ಚಿದ್ದಾರೆ ಅಂತ. ಒಂದಷ್ಟು ದೂರ ಓಡಿಸದೆ ಅದು ರೆಡಿ ಆಗಲ್ಲ. ಯಾರ್ಡಲ್ಲಿ ನಿಂತು ಬ್ಯಾಟರಿ ಇಳ್ದಿದ್ರೂ ಹಿಂಗೇ ತೋರ್ಸುತ್ತೆ, ಹಂಗಾಗಿ ಮೋಸ ಅಂತ ಕೂಡ್ಲೇ ತೀರ್ಮಾನ ಮಾಡ್ಬೇಕಿಲ್ಲ, ಆದ್ರೆ ಇಂಜಿನ್ ಲೈಟ್ ಆರಿದೆ ಅನ್ನೋ ಸಮಾಧಾನಕ್ಕೆ ಬೆಲೆ ಇಲ್ಲ ಅಂತ ಗೊತ್ತಾಗುತ್ತೆ.

ಹಾಗೇ ಇಗ್ನಿಷನ್ ಆನ್ ಮಾಡ್ದಾಗ ಏರ್‌ಬ್ಯಾಗ್ ಲೈಟ್ ಹತ್ತಿ ಕೆಲವು ಸೆಕೆಂಡಲ್ಲಿ ಆರ್ಬೇಕು, ಹತ್ತಲೇ ಇಲ್ಲ ಅಂದ್ರೆ ಬಲ್ಬನ್ನೇ ಕಿತ್ತಿರೋ ಸಾಧ್ಯತೆ ಇದೆ, ಒಳಗೆ ಏರ್‌ಬ್ಯಾಗೇ ಇಲ್ದೇ ಇರ್ಬಹುದು. ಚಾಸಿ ನಂಬರ್ 17 ಅಕ್ಷರದ್ದು, ಡ್ಯಾಶ್‌ಬೋರ್ಡ್ ಮೇಲೆ, ಬಾಗಿಲ ಪಕ್ಕದ ಸ್ಟಿಕರಲ್ಲಿ, ಪೇಪರಲ್ಲಿ ಎಲ್ಲಾ ಕಡೆ ಒಂದೇ ಇದ್ಯಾ ನೋಡಿ, ಅದೇ ನಂಬರ್ ಹಾಕಿ ರಿಕಾಲ್, ಅಂದ್ರೆ ದೋಷ ಇದೆ ಅಂತ ಕಂಪ್ನಿನೇ ವಾಪಸ್ ಕರೆದು ಸರಿ ಮಾಡೋದು, ಬಾಕಿ ಇದ್ಯಾ ಅಂತನೂ ಚೆಕ್ ಮಾಡಿ. ತಕಾಟಾ ಅನ್ನೋ ಜಪಾನಿ ಕಂಪ್ನಿಯ ದೋಷ ಇದ್ದ ಏರ್‌ಬ್ಯಾಗ್ ರಿಕಾಲ್ ನಡೆದು ವರ್ಷಗಳಾದ್ರೂ ಅದನ್ನ ಬದಲಾಯಿಸದ ಹಳೇ ಗಾಡಿಗಳು ಇನ್ನೂ ಓಡಾಡ್ತಿವೆ.

ಕಿಲೋಮೀಟರ್ ವಿಷಯ ಬೇರೆಯಾಗೇ ಹೇಳ್ಬೇಕು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಲೆಕ್ಕದಲ್ಲಿ ಆ ಒಂದು ದೇಶದಲ್ಲೇ ವರ್ಷಕ್ಕೆ 4.5 ಲಕ್ಷಕ್ಕೂ ಹೆಚ್ಚು ಗಾಡಿಗಳು ಸುಳ್ಳು ಮೀಟರ್ ಜೊತೆ ಮಾರಾಟ ಆಗ್ತಾವೆ. ಡಿಜಿಟಲ್ ಮೀಟರ್ ಬಂದ್ಮೇಲೆ ಇದು ನಿಲ್ಲುತ್ತೆ ಅಂದ್ಕೊಂಡಿದ್ರು, ಆದ್ರೆ ಲ್ಯಾಪ್‌ಟಾಪ್ ಇದ್ದೋರಿಗೆ ಇನ್ನೂ ಸುಲಭ ಆಯ್ತು. ಇದಕ್ಕೆ ಪರಿಹಾರನೇ ಇಲ್ವಾ ಅಂದ್ರೆ ಇದೆ. ಬೆಲ್ಜಿಯಂನಲ್ಲಿ 2006ರಿಂದ ಕಾರ್‌ಪಾಸ್ ಅನ್ನೋ ವ್ಯವಸ್ಥೆ ಇದೆ, ಪ್ರತಿ ಗ್ಯಾರೇಜಿನವರೂ ಗಾಡಿ ಕೆಲಸಕ್ಕೆ ಬಂದಾಗಲೆಲ್ಲಾ ಮೀಟರ್ ರೀಡಿಂಗ್ ದಾಖಲಿಸ್ಬೇಕು, ಹಳೇ ಗಾಡಿ ಮಾರೋವಾಗ ಆ ಪತ್ರ ಕೊಡ್ಲೇಬೇಕು. ಅಲ್ಲಿ ಮೀಟರ್ ಮೋಸ ಬಹುತೇಕ ನಿಂತೇ ಹೋಗಿದೆ. ಬ್ರಿಟನ್ನಲ್ಲಿ ಎಂಒಟಿ ಅನ್ನೋ ವಾರ್ಷಿಕ ಗಾಡಿ ತಪಾಸಣೆಯ ಹಳೇ ರೀಡಿಂಗುಗಳನ್ನ ಸರ್ಕಾರಿ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ಪುಕ್ಕಟೆ ನೋಡ್ಬಹುದು. ಅಂದ್ರೆ ಇದು ಟೆಕ್ನಾಲಜಿ ಸಮಸ್ಯೆ ಅಲ್ವೇ ಅಲ್ಲ. ಗಾಡಿ ಎಲ್ಲಿಂದ ಬಂತು, ಎಷ್ಟು ಓಡಿದೆ, ಏನೇನು ಪೆಟ್ಟಾಗಿದೆ ಅನ್ನೋದು ಯಾವುದೋ ಕಂಪ್ಯೂಟರಲ್ಲಿ ಆಗ್ಲೇ ಇರುತ್ತೆ, ಕೊಳ್ಳೋನಿಗೆ ಅದನ್ನ ತೋರ್ಸಿ ಅಂತ ಕಾನೂನು ಮಾಡೋ ಮನಸ್ಸು ಬೇಕು.

ಹರಾಜಿನವರೇ ಮನಸ್ಸು ಮಾಡಿದ್ರೆ ಹೆಂಗಿರುತ್ತೆ ಅನ್ನೋದಕ್ಕೆ ಜಪಾನ್ ನೋಡ್ಬೇಕು. ಅಲ್ಲಿ ಪ್ರತಿ ಗಾಡಿಗೂ ಒಂದು ಹಾಳೆ ಇರುತ್ತೆ, ಹರಾಜು ಮನೆಯ ಇನ್ಸ್‌ಪೆಕ್ಟರ್ ಗಾಡಿನ ನೋಡಿ ಅದ್ರ ಚಿತ್ರದ ಮೇಲೆ ಎಲ್ಲೆಲ್ಲಿ ಏನೇನಿದೆ ಅಂತ ಗುರುತು ಹಾಕಿರ್ತಾನೆ. ಎ ಅಂದ್ರೆ ಗೀಚು, ಯು ಅಂದ್ರೆ ತಗ್ಗು, ಡಬ್ಲ್ಯು ಅಂದ್ರೆ ಹಿಂದೆ ಟಿಂಕರಿಂಗ್ ಮಾಡಿ ಸರಿ ಮಾಡಿರೋ ಜಾಗ, ಎಕ್ಸ್ ಒಂದು ಇದ್ರೆ ಆ ಭಾಗ ಬದಲಾಯಿಸ್ಬೇಕು, ಎಕ್ಸ್ ಎರಡಿದ್ರೆ ಈಗಾಗ್ಲೇ ಬದಲಾಯಿಸಿದ್ದಾರೆ. ಪಕ್ಕದಲ್ಲಿ 1, 2, 3 ಅಂಕಿ ಇದ್ರೆ ಎಷ್ಟು ದೊಡ್ಡದು ಅಂತ. ಎಡ ಬಾಗಿಲ ಮೇಲೆ ಯು2 ಅಂತ ಬರ್ದಿದ್ರೆ ಅಲ್ಲಿ ಮಧ್ಯಮ ಸೈಜಿನ ತಗ್ಗಿದೆ ಅಂತ ಸಾವಿರಾರು ಮೈಲಿ ದೂರದಲ್ಲಿ ಕೂತೋನಿಗೂ ಗೊತ್ತಾಗುತ್ತೆ. ಮೇಲೆ ಒಟ್ಟು ಗ್ರೇಡ್, 4 ಅಥ್ವಾ 4.5 ಇದ್ರೆ ಒಳ್ಳೇದು, ಆರ್ ಅಂತ ಇದ್ರೆ ಆಕ್ಸಿಡೆಂಟ್ ಆಗಿ ರಿಪೇರಿ ಆಗಿರೋದು. ಈ ಹಾಳೆ ಮೇಲಿನ ನಂಬಿಕೆಯಿಂದಲೇ ಎಷ್ಟೋ ದೇಶಗಳ ಜನ ಗಾಡಿನೇ ನೋಡದೆ ಜಪಾನಿಂದ ತರಿಸ್ಕೋತಾರೆ. ಆ ಹಾಳೆನೇ ಫೋರ್ಜರಿ ಮಾಡಿ ಗ್ರೇಡ್ ತಿದ್ದೋ ಏಜೆಂಟರೂ ಇದ್ದಾರೆ, ಹಂಗಾಗಿ ಹಾಳೆನ ಏಜೆಂಟ್ ಕಳ್ಸಿದ ಫೋಟೋ ನಂಬ್ದೆ ಬೇರೆ ಮೂಲದಿಂದ ಚೆಕ್ ಮಾಡ್ಲೇಬೇಕು.

ಅಮೆರಿಕದ ಹರಾಜುಗಳಲ್ಲಿ ಇಷ್ಟು ವಿವರದ ಬದ್ಲು, ಗಾಡಿ ಸರದಿ ಬಂದಾಗ ಬಣ್ಣದ ಲೈಟ್ ಹಾಕೋ ಪದ್ಧತಿ ಇದೆ. ಹಸಿರು ಲೈಟ್ ಇದ್ರೆ ಇಂಜಿನ್ ಗೇರ್‌ಬಾಕ್ಸ್ ಥರದ ದೊಡ್ಡ ಭಾಗಗಳಿಗೆ ಸ್ವಲ್ಪ ಹೊತ್ತಿನ ಮಟ್ಟಿಗೆ ಗ್ಯಾರಂಟಿ, ಹಳದಿ ಇದ್ರೆ ಏನೋ ತೊಂದರೆ ಇದೆ ಬಾಯಲ್ಲಿ ಹೇಳ್ತೀವಿ ಕೇಳಿಸ್ಕೊಳ್ಳಿ ಅಂತ, ಕೆಂಪಿದ್ರೆ ಇದ್ದ ಹಾಗೆ, ನೀಲಿ ಇದ್ರೆ ಪೇಪರ್ ಇನ್ನೂ ಬಂದಿಲ್ಲ. ಹರಾಜುದಾರ ಮೈಕಲ್ಲಿ ಪಟಪಟ ಅಂತ ಹೇಳಿದ್ದೇ ಲಿಖಿತ ವಿವರಕ್ಕಿಂತ ಮೇಲಾಗುತ್ತೆ, ಆ ಗಲಾಟೆಲಿ ನೀವು ಕೇಳಿಸ್ಕೊಳ್ಳಲಿಲ್ಲ ಅಂದ್ರೆ ನಿಮ್ಮ ಹಣೆಬರಹ. ಮೊದಲ ಸಲ ಹೋಗೋರು ಬಿಡ್ ಮಾಡೋಕೆ ಅಂತ ಹೋಗ್ಲೇಬೇಡಿ, ಸುಮ್ನೆ ಹೋಗಿ ಕೂತು ನೋಡಿ, ಯಾವ ಗಾಡಿ ಎಷ್ಟಕ್ಕೆ ಹೋಯ್ತು ಬರ್ಕೊಳ್ಳಿ.

ಈಗ ದುಡ್ಡಿನ ಲೆಕ್ಕ. ಜನ ಮೇಲಿಂದ ಲೆಕ್ಕ ಹಾಕ್ತಾರೆ, ಅಂದ್ರೆ ಈ ಕಾರ್ ಮಾರ್ಕೆಟಲ್ಲಿ 100, ಇಲ್ಲಿ 80ಕ್ಕೆ ಸಿಕ್ರೆ 20 ಉಳೀತು ಅಂತ. ಕೆಳಗಿಂದ ಹಾಕ್ಬೇಕು. ಮಾರ್ಕೆಟಲ್ಲಿ 100 ಅಂದ್ಕೊಳ್ಳಿ, ಅದ್ರಲ್ಲಿ ಕಣ್ಣಿಗೆ ಕಾಣೋ ರಿಪೇರಿಗೆ ಟೈರು ಬ್ಯಾಟರಿ ಸೇರಿ 12 ಕಳೀರಿ, ಹರಾಜು ಮನೆ ಫೀಸು, ಅದ್ರ ಮೇಲಿನ ಟ್ಯಾಕ್ಸು 8 ಕಳೀರಿ, ಸಾಗಾಟ, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಅಂತ 6, ಆಮೇಲೆ ಕಣ್ಣಿಗೆ ಕಾಣ್ದೇ ಇರೋದಕ್ಕೆ ಕನಿಷ್ಠ 10 ಎತ್ತಿಡಿ. ಉಳೀತು 64. ವಾರಂಟಿ ಇಲ್ದಿರೋ ರಿಸ್ಕಿಗೆ ನಿಮಗೂ ಏನಾದ್ರೂ ಉಳೀಬೇಕಲ್ಲ, ಹಂಗಾಗಿ ನಿಮ್ಮ ಕೊನೇ ಬಿಡ್ 55, ಬಹಳ ಅಂದ್ರೆ 58. ಈ ಲೆಕ್ಕ ಹಾಕಿದ ಮೇಲೆ ಬಹಳಷ್ಟು ಗಾಡಿಗಳು ನಿಮ್ಮ ಕೈಗೆ ಸಿಗಲ್ಲ, ಯಾಕಂದ್ರೆ ಪಕ್ಕದಲ್ಲಿ ನಿಂತಿರೋ ಡೀಲರ್‌ಗೆ ಸ್ವಂತ ಗ್ಯಾರೇಜ್ ಇದೆ, ನಿಮಗೆ 12 ಆಗೋ ಕೆಲಸ ಅವನಿಗೆ 5ಕ್ಕೆ ಆಗುತ್ತೆ. ಅವನೇ 60ಕ್ಕೆ ನಿಲ್ಸಿದ ಗಾಡಿಗೆ ನೀವು 65 ಕೂಗಿ ಗೆದ್ರೆ ಅವನಿಗೆ ಕಂಡಿದ್ದು ನಿಮಗೆ ಕಾಣ್ಲಿಲ್ಲ ಅಂತಲೇ ಲೆಕ್ಕ.

ಇದೂ ಹಳೇ ವಿಷಯನೇ. 1971ರಲ್ಲಿ ಮೂವರು ಪೆಟ್ರೋಲಿಯಂ ಇಂಜಿನಿಯರುಗಳು, ಮೆಕ್ಸಿಕೋ ಕೊಲ್ಲಿಲಿ ಎಣ್ಣೆ ತೆಗೆಯೋ ಹಕ್ಕಿನ ಹರಾಜಲ್ಲಿ ಗೆದ್ದ ಕಂಪ್ನಿಗಳಿಗೆ ಯಾಕೆ ಅಂದ್ಕೊಂಡಷ್ಟು ಲಾಭ ಬರ್ತಿಲ್ಲ ಅಂತ ಹುಡುಕಿ ಬರೆದ್ರು. ಒಂದೇ ವಸ್ತುವಿಗೆ ಹತ್ತು ಜನ ಅಂದಾಜು ಬೆಲೆ ಕಟ್ಟಿದಾಗ ಗೆಲ್ಲೋನು ಅತಿ ಜಾಸ್ತಿ ಅಂದಾಜು ಮಾಡಿದೋನು, ಅವನ ಅಂದಾಜೇ ತಪ್ಪಾಗಿರೋ ಸಾಧ್ಯತೆ ಎಲ್ಲರಿಗಿಂತ ಜಾಸ್ತಿ. ಕಾರ್ ಹರಾಜಲ್ಲಿ ಇದ್ರ ಜೊತೆ ಜಿದ್ದು ಬೇರೆ ಸೇರ್ಕೊಳ್ಳುತ್ತೆ. ಒಂದು ಗಾಡಿ ಒಂದೆರಡು ನಿಮಿಷದಲ್ಲಿ ಮುಗಿದು ಹೋಗುತ್ತೆ, ಇನ್ನೊಂದೇ ಒಂದು ಸಲ ಕೂಗೋಣ ಅನ್ನಿಸುತ್ತೆ, ಎದುರಿಗಿರೋನು ಕೂಗಿದ್ರೆ ಬಿಟ್ಟುಕೊಡೋಕೆ ಮನಸ್ಸಾಗಲ್ಲ, ಆ ಎದುರಿಗಿರೋನು ಮಾರೋನ ಕಡೆಯವನೇ ಆಗಿರ್ಬಹುದು, ರೇಟ್ ಏರಿಸೋಕೆ ಅಂತಲೇ ನಿಲ್ಸಿರೋನು. ಬಹಳ ಕಡೆ ಅದು ಕಾನೂನಿಗೆ ವಿರುದ್ಧ, ಆದ್ರೂ ಸಾಬೀತು ಮಾಡೋದು ಕಷ್ಟ. ಆನ್‌ಲೈನಲ್ಲಿ ಕೊನೇ ಸೆಕೆಂಡಲ್ಲಿ ಬಿಡ್ ಬಂದ್ರೆ ಟೈಮ್ ಮತ್ತೆ ಮುಂದಕ್ಕೆ ಹೋಗುತ್ತೆ, ಆಗಂತೂ ಜಿದ್ದಿಗೆ ಕೊನೆನೇ ಇಲ್ಲ. ಅದಕ್ಕೆ ನನ್ನ ಸಲಹೆ, ನಿಮ್ಮ ಕೊನೇ ಸಂಖ್ಯೆನ ಮೊದ್ಲೇ ಸಿಸ್ಟಮಲ್ಲಿ ಹಾಕಿ ಫೋನ್ ಪಕ್ಕಕ್ಕಿಡಿ, ಯಾರ್ಡಲ್ಲಾದ್ರೆ ಜೊತೆಗೆ ಬಂದೋರ ಕೈಲಿ ಚೀಟಿ ಕೊಡಿ, ದಾಟಿದ್ರೆ ಕೈ ಹಿಡಿದು ಎಳೀಲಿ.

ಮನೆಗೆ ಇರೋದು ಒಂದೇ ಕಾರು, ನಾಳೆ ಬೆಳಿಗ್ಗೆ ಕೆಲಸಕ್ಕೆ ಅದೇ ಬೇಕು, ಕೈಲಿರೋ ದುಡ್ಡೆಲ್ಲಾ ಅದಕ್ಕೇ ಹಾಕ್ತಿದ್ದೀನಿ ಅನ್ನೋರು ದಯವಿಟ್ಟು ಈ ದಾರಿ ಹಿಡೀಬೇಡಿ. ಹರಾಜು ಒಗ್ಗೋದು ಗಾಡಿ ಒಂದು ತಿಂಗಳು ಗ್ಯಾರೇಜಲ್ಲಿ ನಿಂತ್ರೂ ಜೀವನ ನಡೆಯುತ್ತೆ ಅನ್ನೋರಿಗೆ, ಅಥ್ವಾ ನಂಬಿಕೆ ಇರೋ ಮೆಕ್ಯಾನಿಕ್ ಜೊತೆಗೆ ಬರ್ತಾನೆ ಅನ್ನೋರಿಗೆ. ಅಂಥೋರು ಲೀಸ್ ಮುಗಿದ ಗಾಡಿ, ಸರ್ಕಾರಿ ಗಾಡಿ ಇವೆರಡರಲ್ಲೇ ಹುಡುಕಿದ್ರೆ ನಿಜಕ್ಕೂ ಒಳ್ಳೇ ಕಾರು ಒಳ್ಳೇ ರೇಟಿಗೆ ಸಿಗುತ್ತೆ.

ಗೆದ್ದ ಮೇಲೆ ಟೈಮ್ ಕಮ್ಮಿ ಇರುತ್ತೆ. ಒಂದೆರಡು ದಿನದಲ್ಲಿ ಪೂರ್ತಿ ದುಡ್ಡು ಕಟ್ಬೇಕು, ಇಲ್ಲಾಂದ್ರೆ ಡೆಪಾಸಿಟ್ ಹೋಗುತ್ತೆ, ಗಾಡಿ ಎತ್ಕೊಂಡು ಹೋಗೋದು ತಡ ಆದ್ರೆ ದಿನಕ್ಕಿಷ್ಟು ಅಂತ ಯಾರ್ಡ್ ಬಾಡಿಗೆ ಬೀಳುತ್ತೆ. ಹಾಗಾಗಿ ಸಾಲದ ವ್ಯವಸ್ಥೆ, ಎಳ್ಕೊಂಡು ಹೋಗೋ ಗಾಡಿ ವ್ಯವಸ್ಥೆ ಎರಡೂ ಬಿಡ್ ಹಾಕೋ ಮೊದ್ಲೇ ಆಗಿರ್ಬೇಕು. ದುಡ್ಡು ಕಟ್ಟೋವಾಗ ಒರಿಜಿನಲ್ ಪೇಪರ್ ಯಾವತ್ತು ಕೈಗೆ ಬರುತ್ತೆ ಅನ್ನೋದನ್ನ ಬರಹದಲ್ಲಿ ತಗೊಳ್ಳಿ, ಹಳೇ ಸಾಲ ತೀರಿದೆ ಅನ್ನೋ ಪತ್ರ ಕೇಳಿ, ಕೀ ಎಷ್ಟು ಕೊಟ್ರು ಅಂತ ರಸೀದಿಲಿ ಬರೆಸಿ. ಇನ್ಶೂರೆನ್ಸ್ ಇಲ್ದೆ ಗೇಟ್ ದಾಟಿಸ್ಬೇಡಿ, ಇನ್ಶೂರೆನ್ಸ್ ಇದ್ರೂ ಓಡಿಸ್ಕೊಂಡು ಹೋಗೋದಕ್ಕಿಂತ ಎಳ್ಸಿಕೊಂಡೇ ಗ್ಯಾರೇಜಿಗೆ ಹೋಗಿ, ಬ್ರೇಕ್ ಹೆಂಗಿದೆ ಅಂತ ಯಾರಿಗೂ ಗೊತ್ತಿಲ್ಲ. ಅಲ್ಲಿ ಮೊದ್ಲು ಬ್ರೇಕು, ಟೈರು, ಸ್ಟೀರಿಂಗ್ ಜಾಯಿಂಟುಗಳನ್ನ ನೋಡ್ಸಿ, ಇಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮೂರೂ ಬದಲಾಯಿಸಿ. ಟೈಮಿಂಗ್ ಬೆಲ್ಟ್ ಇರೋ ಇಂಜಿನ್ ಆಗಿದ್ದು ಅದನ್ನ ಯಾವಾಗ ಬದಲಾಯಿಸಿದ್ರು ಅನ್ನೋ ದಾಖಲೆ ಇಲ್ಲ ಅಂದ್ರೆ ಅದನ್ನೂ ಆಗ್ಲೇ ಹಾಕಿಸ್ಬಿಡಿ, ಓಡ್ತಿರುವಾಗ ಅದು ಕಿತ್ಕೊಂಡ್ರೆ ಬಹಳಷ್ಟು ಇಂಜಿನ್‌ಗಳಲ್ಲಿ ವಾಲ್ವುಗಳು ಪಿಸ್ಟನ್‌ಗೆ ಬಡಿದು ಬಗ್ಗಿ ಹೋಗ್ತಾವೆ, ಹರಾಜಲ್ಲಿ ಉಳಿಸಿದ ದುಡ್ಡಷ್ಟೂ ಆ ಒಂದೇ ರಿಪೇರಿಗೆ ಹೋಗುತ್ತೆ.